ತಿಥಿಯ ದಿನ ಹುಳಿ ತೆಳ್ಳಗಾದರೆ

ಮೊನ್ನೆ ಬೆಳಿಗ್ಗೆ ಒಬ್ಬ ಹುಡುಗಿ ಫೋನು ಮಾಡಿದಳು. ಅಳುವುದೊಂದು ಬಾಕಿ.

"ಪದ್ದಕ್ಕಾ, ಮಜ್ಜಿಗಿ ಹುಳಿ ನೀರ್ ನೀರ್ ಆಗೇದ. ಗಟ್ಟಿ ಆಗ್ಲಿ ಅಂತ ಕಾರ್ನ್‌ಫ್ಲೋರ್ ಹಾಕಿದೆ. ಈಗ ಪಾತ್ರಿ ತುಂಬ ಐಸ್‌ಕ್ರೀಮಿನ ವಾಸನಿ ಬರ್ಲಿಕ್ಕತ್ತದ. ಏನ್ ಮಾಡ್ಲಿ ನಾ?"

ತಿಥಿಯ ಅಡುಗೆಯಲ್ಲಿ ಐಸ್‌ಕ್ರೀಮಿನ ವಾಸನೆ! ಗುರುರಾಯರೇ, ಇದನ್ನು ಕೇಳುವುದಕ್ಕಾಗಿ ನನ್ನನ್ನು ಇಷ್ಟು ದಿನ ಉಳಿಸಿದಿರಾ ಎಂದುಕೊಂಡೆ. "ಡಬ್ಬಿ ಮ್ಯಾಲ ಏನ್ ಬರದದ, ಓದು" ಎಂದೆ. ಓದಿದಳು. ಅಂಗಡಿಯವನು ಕಸ್ಟರ್ಡ್ ಪುಡಿ ಕೊಟ್ಟು ಕಳಿಸಿದ್ದ. ಇವಳು ನೋಡದೆ ಎರಡು ಮುಷ್ಟಿ ಸುರಿದಿದ್ದಳು. ಕಾರ್ನ್‌ಫ್ಲೋರಾದರೂ ತಿಥಿಗೆ ಹಾಕಬಹುದು ಎಂದು ಇವಳಿಗೆ ಹೇಳಿದವರು ಯಾರು? ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ.

"ಚೆಲ್ಲು. ಹೊಸದಾಗಿ ಮಾಡು" ಎಂದೆ.

"ಚೆಲ್ಲಲೇಬೇಕೇನ್ ಅಕ್ಕಾ?"

ಆ ಪ್ರಶ್ನೆಗೆ ಫೋನಿನಲ್ಲಿ "ಹೂಂ" ಎಂದು ಗದರಿಸಿ ಇಟ್ಟೆ. ಇಟ್ಟ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಹಾಳಾದ ಹುಳಿಯನ್ನು ಚೆಲ್ಲಲೇಬೇಕೇ ಎಂಬ ಪ್ರಶ್ನೆ ಒಮ್ಮೆ ಮಕ್ತಲ್‌ನ ಒಂದು ಅಡುಗೆಮನೆಯಲ್ಲಿ ನನ್ನ ಮುಂದೆಯೇ ಎದ್ದಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ನಾರಾಯಣಪೇಟೆಯ ಪದ್ದಕ್ಕ. ಪದ್ಮಾವತಿಬಾಯಿ ಎಂದು ಕೇಳಿದರೆ ನಮ್ಮ ಓಣಿಯವರೂ ಮನೆ ತೋರಿಸುವುದಿಲ್ಲ. ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಕೈಗೆ ಸೌಟು ಬಂತು. ಮಂಡಿ ಹಿಡಿದು, ಕೆಳಗೆ ಕೂತರೆ ಏಳಲು ಇಬ್ಬರು ಬೇಕಾದಾಗ ಸೌಟು ಕೆಳಗಿಟ್ಟೆ. ನಡುವಿನ ವರ್ಷಗಳಲ್ಲಿ ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರೂ ಕಡೆಯ ವೈಷ್ಣವರ ಮನೆಗಳಲ್ಲಿ ತಿಥಿ ಬಂತೆಂದರೆ ನನಗೇ ಹೇಳಿಕಳಿಸುತ್ತಿದ್ದರು. ಮದುವೆ ಮುಂಜಿಗೆ ಕರೆದವರು ಕಡಿಮೆ. ಸತ್ತವರ ಅಡುಗೆಯಾಕೆ ಎಂದೇ ಹೆಸರು ಬಿತ್ತು. ಬೀಳಲಿ ಬಿಡಿ, ನನಗೇನೂ ಬೇಜಾರಿಲ್ಲ.

ಈ ಕೆಲಸಕ್ಕೆ ಬರುವ ಹುಡುಗಿಯರೇ, ಮೊದಲು ಒಂದು ಮಾತು ತಿಳಿಯಿರಿ. ಲೋಕದ ಅಡುಗೆಯವರಿಗೆಲ್ಲ ನಾಲಿಗೆ ಉಂಟು, ನಮಗಿಲ್ಲ. ಮಡಿಯಲ್ಲಿ ಮಾಡಿದ್ದನ್ನು ದೇವರಿಗೆ ತೋರಿಸುವ ಮೊದಲು ರುಚಿ ನೋಡುವಂತಿಲ್ಲ. ಹೋಗಲಿ, ಉಂಡವರಾದರೂ ಹೇಳುತ್ತಾರೆಯೇ? ಅದೂ ಇಲ್ಲ! ಶ್ರಾದ್ಧಕ್ಕೆ ಕೂತ ಬ್ರಾಹ್ಮಣರು ಮೌನದಲ್ಲಿ ಉಣ್ಣಬೇಕು. ಅಡುಗೆ ಚೆನ್ನಾಗಿದೆ ಎನ್ನಬಾರದು, ಕೆಟ್ಟಿದೆ ಎಂದೂ ಅನ್ನಬಾರದು. ಅಡುಗೆಯ ಗುಣ ಆಡಿದರೆ ಪಿತೃಗಳು ಎಲೆ ಬಿಟ್ಟು ಎದ್ದು ಹೋಗುತ್ತಾರೆ ಎಂದು ನಂಬಿಕೆ. ಇನ್ನಷ್ಟು ಬೇಕಾದರೆ ಬೆರಳು ಮಡಚಿ ಸನ್ನೆ ಮಾಡುತ್ತಾರೆ, ಸಾಕಾದರೆ ಎಲೆಯ ಮೇಲೆ ಅಂಗೈ ಹಿಡಿಯುತ್ತಾರೆ. ಮಾಡುವವಳು ರುಚಿ ನೋಡುವಂತಿಲ್ಲ, ಉಣ್ಣುವವರು ರುಚಿ ಹೇಳುವಂತಿಲ್ಲ. ಇಂಥ ಕೆಲಸ ಇನ್ನೊಂದು ಇದ್ದರೆ ನನಗೆ ತೋರಿಸಿ.

ಹಾಗಾಗಿ ನಮಗೆ ಇರುವುದು ಕಣ್ಣು ಮತ್ತು ಮೂಗು. ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಅದು ಕೈಯ ಅಂದಾಜು. ಆದರೆ ಹುಳಿ ತೆಳ್ಳಗಾದದ್ದು ಕುರುಡರಿಗೂ ಕಾಣುತ್ತದೆ. ಅನ್ನದ ಗುಂಡಿಯಲ್ಲಿ ನಿಲ್ಲದೆ ಎಲೆಯ ಅಂಚಿಗೆ ಹರಿದು ಹೋಗುತ್ತದೆ. ಯಜಮಾನ ಕೆಕ್ಕರಿಸಿ ಅಡುಗೆಮನೆಯ ಕಡೆ ನೋಡುತ್ತಾನೆ. ಅವನಿಗೂ ಮಾತಾಡುವಂತಿಲ್ಲವಲ್ಲ!

ನನಗೆ ಇದನ್ನು ಕಲಿಸಿದವರು ಮಕ್ತಲ್‌ನ ತುಂಗಾಬಾಯಿ. ಚಿಕ್ಕಮ್ಮ ಎನ್ನುವ ಸಲುಗೆಯಲ್ಲಿ ನಾನು ತುಂಗಾ ಕಾಕು ಎನ್ನುತ್ತಿದ್ದೆ. ಅವರ ಯಜಮಾನರು ಹಣಮಂತರಾಯರು ಗಿರ್ದಾವರ್ ಕೆಲಸದಲ್ಲಿದ್ದರು. ಊರೂರು ತಿರುಗಿ ಹೊಲಗದ್ದೆಯ ಪಹಣಿ ನೋಡುವ ಕೆಲಸ. ಅರ್ಧ ವಾರ ಕ್ಯಾಂಪಿನಲ್ಲೇ. ಧರೂರಿಗೆ ಹೋದರೆ ಯಾವ ಬಸ್ಸಿಗೆ ಬರುತ್ತಾರೋ ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಕಾಕು ಅವರು ಉಂಡ ಮೇಲೇ ಉಣ್ಣುವವರು. ಹಣಮಂತರಾಯರು ಹಾಲ್‌ನ ಕಂಬಕ್ಕೆ ಒರಗಿದ ಹಾಗೆ ಮಣೆ ಹಾಕಿಸಿಕೊಂಡು, ಮೌನದಲ್ಲಿ ಊಟ ಮಾಡುತ್ತಿದ್ದರು. ತಿಥಿಗೆ ಅಂತಲ್ಲ, ದಿನವೂ ಹಾಗೇ. ಕಾಕು ಅವರ ಬೆರಳು ನೋಡಿ ಬಡಿಸುತ್ತಿದ್ದರು. ಬೆರಳು ಮಡಚಿದರೆ ಹುಳಿ, ಅಂಗೈ ಹಿಡಿದರೆ ಸಾಕು.

"ಗಿರ್ದಾವರ್ ಸಾಹೇಬ್ರಿಗೆ ಎಲ್ಲಾ ಸಹನ ಆಗ್ತದ, ತೆಳ್ಳಗಿನ ಹುಳಿ ಆಗಂಗಿಲ್ಲ ನೋಡು. ಎಲಿಗೆ ನೀರು ಬಿಟ್ಟ ಹಂಗ ಮಾಡಿದ್ರ ಎದ್ದೇ ಹೋಗ್ತಾರ" ಎಂದು ಕಾಕು ನನ್ನೆದುರು ನಗುತ್ತಿದ್ದರು.

ದಿನದ ಮಜ್ಜಿಗೆ ಹುಳಿಗೆ ಅವರು ಕಡಲೆ ಹಿಟ್ಟು ಕಲಸಿ ಬಿಡುತ್ತಿದ್ದರು. ನಮ್ಮ ಕಡೆ ಯಾರ ಮನೆಯಲ್ಲಾದರೂ ಅದೇ. ಹಳದಿ ಬಣ್ಣ ಬಂದು ಗಟ್ಟಿಯಾಗಿ ಅನ್ನದ ಮೇಲೆ ಕೂರುತ್ತದೆ. ಆದರೆ ತಿಥಿಯ ದಿನ ಕಡಲೆ ನಿಷಿದ್ಧ. ಆ ದಿನ ನೆನೆಸಿದ ಅಕ್ಕಿ, ಕೊಬ್ಬರಿ, ಜೀರಿಗೆ, ಮೆಣಸು ಅರೆದು ಹಾಕಬೇಕು. ಹುಳಿ ಬೆಳ್ಳಗೆ ಇರಬೇಕು. ಕೈ ಅಭ್ಯಾಸದ ಮೇಲೆ ಕಡಲೆ ಹಿಟ್ಟಿನ ಡಬ್ಬಿಗೆ ಹೋಗಿಬಿಡುತ್ತದೆ ಎಂದು ಕಾಕು ತಿಥಿಯ ಹಿಂದಿನ ದಿನವೇ ಆ ಡಬ್ಬಿಯನ್ನು ಜೋಳದ ಪೀಪಾಯಿಯಲ್ಲಿ ಹೂತಿಡುತ್ತಿದ್ದರು. ಅತ್ತೆ ಮಾವನ ತಿಥಿ ಇದ್ದಾಗಲೆಲ್ಲ ಹಾಗೇ ಮಾಡಿದವರು. ಸೊಸೆ ಸುಧಾ ಬಂದ ಮೇಲೆ ಅವಳಿಗೂ ಅದನ್ನೇ ಕಲಿಸಿದರು.

ನನ್ನ ಮೊದಲ ಪ್ರಮಾದ ಗದ್ವಾಲದಲ್ಲಿ. ಹುಳಿ ತೆಳ್ಳಗಾಯಿತು. ಕುದಿಸಿದರೆ ಬತ್ತುತ್ತದೆ ಎಂದು ಉರಿ ಹೆಚ್ಚು ಮಾಡಿದೆ. ಮಜ್ಜಿಗೆ ಒಡೆಯಿತು! ಮೇಲೆ ನೀರು, ಕೆಳಗೆ ಗಂಟು. ಹೌಹಾರಿ ನಾಲ್ಕೂ ಕಡೆ ನೋಡಿದೆ. ಪಕ್ಕದಲ್ಲಿ ಉದ್ದಿನ ವಡೆ ಕರಿದು ಇಟ್ಟಿದ್ದೆ. ಉದ್ದು ತಿಥಿಗೆ ನಡೆಯುತ್ತದಲ್ಲ? ವಡೆಗಳನ್ನು ಪುಡಿ ಮಾಡಿ ಕಿವುಚಿ ಹಾಕಿಬಿಟ್ಟೆ. ಹುಳಿ ಗಟ್ಟಿಯಾಯಿತು. ನನ್ನ ಬುದ್ಧಿಗೆ ನಾನೇ ಹಿಗ್ಗಿದೆ. ಎಲ್ಲ ಮುಗಿದು, ಬಿಂದಾಚಾರ್ರು ತಾಂಬೂಲ ಹಿಡಿದುಕೊಂಡು ಹೊರಡುವಾಗ ನಡುಮನೆಯಲ್ಲಿ ನಿಂತು ಹೇಳಿದರು:

"ಪದ್ದಕ್ಕಾ, ಈಗ ಕೇಳಬಹುದು, ಎಲಿ ಎತ್ತ್ಯಾರ. ಹುಳಿಯೊಳಗ ವಡಿ ಈಸಾಡ್ಲಿಕ್ಕತ್ತಿದ್ವಲ್ಲ, ಅವು ತಾವೇ ಬಿದ್ದವೋ, ನೀ ತಳ್ಳಿದ್ಯೋ?"

ಮನೆಮಂದಿ ಎಲ್ಲ ನಕ್ಕರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಈ ಬಿಂದಾಚಾರ್ರ ಬಗ್ಗೆ ಹೇಳಬೇಕು. ಗದ್ವಾಲದವರು. ಮೂರೂರಲ್ಲಿ ಎಲ್ಲಿ ತಿಥಿ ಇದ್ದರೂ ಪಿತೃಸ್ಥಾನಕ್ಕೆ ಅವರೇ ಬೇಕು. ತಿಥಿಗೆ ಎರಡು ಎಲೆ ಹಾಕುತ್ತಾರೆ. ಒಂದು ದೇವರ ಸ್ಥಾನದ್ದು, ಇನ್ನೊಂದು ಪಿತೃಸ್ಥಾನದ್ದು. ಪಿತೃಸ್ಥಾನದ ಎಲೆಗೆ ಕೂತವರೇ ಅಷ್ಟು ಹೊತ್ತು ಆ ಮನೆಯ ಸತ್ತ ಹಿರಿಯರು. ಆಚಾರ್ರು ಅದನ್ನು ತಮಾಷೆಗೆ ತೆಗೆದುಕೊಂಡವರಲ್ಲ. ಅವರ ಮೂಗೋ, ರಾಮ ರಾಮ! ಹೊಸ್ತಿಲಲ್ಲಿ ನಿಂತೇ ಒಳಗೆ ಏನು ಬೇಯುತ್ತಿದೆ ಎಂದು ಹೇಳುತ್ತಿದ್ದರು.

ಒಮ್ಮೆ ಗದ್ವಾಲದಲ್ಲೇ, ನನ್ನ ಜೊತೆ ಕೆಲಸಕ್ಕೆ ಬಂದಿದ್ದ ಹೆಂಗಸು ಅವಸರದಲ್ಲಿ ಹುಳಿಗೆ ಕಡಲೆ ಹಿಟ್ಟು ಬಿಟ್ಟಳು. ನಾನು ನೋಡುವಷ್ಟರಲ್ಲಿ ಬಣ್ಣ ತಿರುಗಿತ್ತು. ಇನ್ನೂ ನಾನು ಬಾಯಿ ತೆರೆದಿಲ್ಲ, ಹೊಸ್ತಿಲ ಆಚೆಯಿಂದ ಆಚಾರ್ರ ಧ್ವನಿ ಬಂತು. "ಕಡ್ಲಿ. ದನದ ಬಾನಿಗೆ ಸುರೀರಿ." ಯಜಮಾನ ಕೈ ಮುಗಿದ, ಅವನ ಹೆಂಡತಿ ಅತ್ತಳು. ಆಚಾರ್ರು ಜಗಲಿಯ ಮೇಲೆ ಹೋಗಿ ಕೂತರು. ಬರೀ ಹುಳಿಯಲ್ಲ, ಅದೇ ಸೌಟು ತಾಗಿದೆ ಎಂದು ಸಾರನ್ನೂ ಸುರಿಸಿದರು! ಮತ್ತೆ ಸ್ನಾನ, ಮತ್ತೆ ಮಡಿ, ಮತ್ತೆ ಒಲೆ. ಹೊತ್ತು ಇಳಿಯುವವರೆಗೂ ಆ ಮನೆಯ ಮುದುಕರು ಮಕ್ಕಳು ಎಲ್ಲ ಹಸಿದುಕೊಂಡು ಗೋಡೆಗೆ ಒರಗಿದ್ದರು. ನನಗೆ ಆಘಾತವಾದದ್ದು ಇದಕ್ಕೆ: ಆಚಾರ್ರೂ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ, ಆದರೂ ಮುಖದಲ್ಲಿ ಒಂದು ಗೆರೆ ಸಡಿಲಾಗಲಿಲ್ಲ. ಅಂದಿನಿಂದ ನಾನು ಯಾರನ್ನೂ ಜೊತೆಗೆ ಕರೆದುಕೊಳ್ಳಲಿಲ್ಲ.

ಆಮೇಲೆ ಕಾಲ ಬದಲಾಯಿತು. ಸೌದೆ ಹೋಗಿ ಗ್ಯಾಸು ಬಂತು, ಅದು ಒಳ್ಳೆಯದೇ ಆಯಿತು, ಕಣ್ಣುರಿ ಹೋಯಿತು. ಒರಳು ಹೋಗಿ ಮಿಕ್ಸಿ ಬಂತು. ಎಲ್ಲಕ್ಕಿಂತ ಕೆಟ್ಟದ್ದು ಮೊಸರಿನ ಪಾಕೀಟು. ಮನೆಯ ಎಮ್ಮೆಯ ಮೊಸರು ತಾನೇ ಮೈ ಹಿಡಿದುಕೊಂಡು ನಿಲ್ಲುತ್ತಿತ್ತು. ಪಾಕೀಟಿನದು ನೋಡಲು ಗಟ್ಟಿ, ಕಡೆದರೆ ನೀರು. ತೆಳ್ಳಗಾಗುವ ರೋಗ ಶುರುವಾದದ್ದೇ ಅಲ್ಲಿಂದ. ಮದ್ದು ಕೇಳುತ್ತೀರಲ್ಲ, ಇಲ್ಲಿದೆ. ನೆನೆಸಿದ ಅಕ್ಕಿ ಕೊಬ್ಬರಿ ನುಣ್ಣಗೆ ಅರೆಯಿರಿ. ಅದನ್ನು ಹಾಗೇ ಪಾತ್ರೆಗೆ ಸುರಿಯಬೇಡಿ, ಗಂಟಾಗುತ್ತದೆ. ಒಂದು ಸೌಟು ಬಿಸಿ ಹುಳಿಯನ್ನು ಅದಕ್ಕೆ ಬಿಟ್ಟು ಕಲಸಿ, ಆಮೇಲೆ ಪಾತ್ರೆಗೆ ಬಿಡಿ. ಉರಿ ಸಣ್ಣಗಿರಲಿ. ಒಂದೇ ಕಡೆಗೆ ತಿರುವಿ. ಅಂಚಿನಲ್ಲಿ ನೊರೆ ಕಂಡ ಕೂಡಲೆ ಇಳಿಸಿ. ಅಕ್ಕಿ ನೆನೆಸಲು ಹೊತ್ತಿಲ್ಲದಿದ್ದರೆ ಮಾಡಿಟ್ಟ ಅನ್ನವನ್ನೇ ಒಂದು ಮುಷ್ಟಿ ಅರೆಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಮಜ್ಜಿಗೆ ಹುಳಿಯ ಮುಂದೆ ಆತುರ ನಡೆಯುವುದಿಲ್ಲ.

ಇನ್ನು ಮಕ್ತಲ್‌ನ ಮಾತು.

ಹಣಮಂತರಾಯರು ತೀರಿಕೊಂಡ ಮೇಲೆ ಅವರ ತಿಥಿಗೆ ಪ್ರತಿ ವರ್ಷ ನಾನೇ ಹೋಗುತ್ತಿದ್ದೆ. ಮಗ ನರಸಿಂಗರಾವ್ ಶಾಲೆಯ ಮೇಷ್ಟ್ರು, ಸೊಸೆ ಸುಧಾ. ಆ ವರ್ಷ ಬಸ್ಸಿಳಿದು ಮನೆಗೆ ಹೋದರೆ ಸುಧಾ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ಕೈ ಹಿಡಿದು ಓಣಿಯ ಮೂಲೆಗೆ ಕರೆದುಕೊಂಡು ಹೋದಳು.

"ಪದ್ದಕ್ಕಾ, ಒಳಗ ಹೋಗೂ ಮೊದಲ ಒಂದ್ ಮಾತು. ಅಮ್ಮಗ ನೆನಪು ಹೋಗ್ಯದ. ಅಪ್ಪಾರು ಹೋದದ್ದು ಆಕಿಗೆ ಗೊತ್ತಿಲ್ಲ. ಧರೂರಿಗೆ ಕ್ಯಾಂಪ್ ಹೋಗ್ಯಾರ ಅಂತ ತಿಳ್ಕೊಂಡಾಳ. ದಿನಾ ಸಂಜಿಕೆ ಬಾಗಲಾಗ ಕೂತು, 'ಧರೂರಿನಿಂದ ಬಂದ್ರೇನು' ಅಂತ ಕೇಳ್ತಾಳ. ಅವರು ಬರೂತನ ಊಟ ಒಲ್ಲೆ ಅಂತಾಳ."

"ಅಯ್ಯ, ಖರೇ ಮಾತು ಹೇಳಬಾರದೇನ ಸುಧಾ?"

"ಹೇಳಿದ್ವಿ ಅಕ್ಕಾ. ಹೇಳಿದಾಗೊಮ್ಮೆ ಅವತ್ತೇ ಹೋದ್ರು ಅನ್ನೂ ಹಂಗ ಎದಿ ಬಡ್ಕೊಂಡು ಅಳ್ತಾಳ. ಎರಡು ದಿನ ತುತ್ತು ಮುಟ್ಟಂಗಿಲ್ಲ. ಮೂರನೇ ದಿನ ಮರತು ಮತ್ತ ಬಾಗಲಾಗ ಕೂಡ್ತಾಳ. ಡಾಕ್ಟರು ಹೇಳ್ಯಾರ, ಇನ್ನೊಂದ್ ಸಲ ಹಂಗಾದ್ರ ಜೀವ ತಡಿಯಂಗಿಲ್ಲ ಅಂತ. ಇವತ್ತು ಬರೇ ಬ್ರಾಹ್ಮಣ ಭೋಜನ ಅಂತ ಹೇಳೀವಿ. ನಿಮ್ಮ ಬಾಯಿಂದ ತಿಥಿ ಅನ್ನೂ ಮಾತು ಬರಬಾರದ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ಒಮ್ಮೆ ವಿಧವೆಯಾದವಳು. ಒಮ್ಮೆ ಆದದ್ದಕ್ಕೇ ಒಂದು ಜನ್ಮ ಸಾಲದೆ ಹೋಯಿತು. ಈಕೆ ಪಾಪ, ಎಷ್ಟು ಸಲ ಆಗಬೇಕು!

ಒಳಗೆ ಹೋದರೆ ಕಾಕು ಮಂಚದ ಮೇಲೆ ಕೂತಿದ್ದರು. ಮೈ ಸೊರಗಿ, ಮೂಳೆ ಕಾಣುತ್ತಿತ್ತು. ಹಣೆಯ ಮೇಲೆ ಕಾಸಿನಗಲ ಕುಂಕುಮ! ನಾನು ದಂಗಾಗಿ ಸುಧಾಳ ಮುಖ ನೋಡಿದೆ. "ಕನ್ನಡಿ ಮುಂದ ನಿಂತು ತಾನೇ ಹಚ್ಕೋತಾಳ್ರಿ. ಯಾರು ಅಳಸ್ಬೇಕು?" ಎಂದಳು. ಕಾಕು ನನ್ನನ್ನು ಗುರುತಿಸಲಿಲ್ಲ. ಆ ಕುಂಕುಮವನ್ನು ಬಿಂದಾಚಾರ್ರು ನೋಡಿದರೆ ಏನು ಗತಿ ಎಂದೆ. ಕಾಕುವನ್ನು ಹಿಂದಿನ ಕೋಣೆಯಲ್ಲಿ ಇಡುವುದು, ಮನೆಗೆಲಸದ ಬಾಲಮ್ಮ ಕಾವಲಿರುವುದು ಎಂದು ಮಾತಾಯಿತು.

ಅಡುಗೆ ಶುರು ಮಾಡಿದೆ. ಪಾಯಸ, ವಡೆ, ಹಾಗಲಕಾಯಿ ಪಲ್ಯ, ಮೆಣಸಿನ ಸಾರು ಎಲ್ಲ ಸರಿಯಾಗಿ ಆಯಿತು. ಕಡೆಗೆ ಮಜ್ಜಿಗೆ ಹುಳಿ. ಮತ್ತೆ ಆ ಪಾಕೀಟು ಮೊಸರೇ. ಸೌತೆಕಾಯಿ ಹೋಳು ನೀರಿನಲ್ಲಿ ತೇಲುತ್ತಿತ್ತು. ಉರಿ ಸಣ್ಣಗೆ ಮಾಡಿ, ನೆನೆಸಿದ ಅಕ್ಕಿ ಕೊಬ್ಬರಿ ತೆಗೆದುಕೊಂಡು ಹಿತ್ತಿಲ ಒರಳಿಗೆ ಹೋದೆ. ಆ ಮನೆಯಲ್ಲಿ ಮಡಿಗೆ ಮಿಕ್ಸಿ ನಡೆಯುವುದಿಲ್ಲ. ಹೊರಗೆ ಹಾಲ್‌ನಲ್ಲಿ ನರಸಿಂಗರಾವ್ ಬ್ರಾಹ್ಮಣರ ಪಾದ ತೊಳೆಯುತ್ತಿದ್ದ. ಮಂತ್ರ ಕೇಳಿಸುತ್ತಿತ್ತು.

ಅರೆದುಕೊಂಡು ಒಳಗೆ ಬಂದು ನಿಂತಲ್ಲೇ ನಿಂತೆ.

ಒಲೆಯ ಮುಂದೆ ತುಂಗಾ ಕಾಕು. ಸ್ನಾನ ಮಾಡಿ, ಗಳದ ಮೇಲಿನ ಮಡಿ ಸೀರೆ ಎಳೆದು ಉಟ್ಟಿದ್ದಾರೆ. ತಲೆಯಿಂದ ನೀರು ತೊಟ್ಟಿಕ್ಕುತ್ತಿದೆ. ಎಡಗೈಯಲ್ಲಿ ಕಡಲೆ ಹಿಟ್ಟಿನ ಡಬ್ಬಿ, ಅದರ ಮೈಗೆ ಎರಡು ಜೋಳದ ಕಾಳು ಅಂಟಿವೆ. ಬಲಗೈಯಲ್ಲಿ ಸೌಟು. ಪಾತ್ರೆಯಲ್ಲಿ ಹುಳಿ ಹಳದಿಯಾಗಿ, ದಪ್ಪಗೆ, ಅಂಚಿಗೆ ನೊರೆ ಕಟ್ಟಿ ನಿಂತಿದೆ. ನನ್ನ ಕೈಯ ಬಟ್ಟಲು ಬೀಳುವುದೊಂದು ಬಾಕಿ.

ಕಾಕು ತಿರುಗಿ ನೋಡಿದರು. ಬೆಳಗಿನಿಂದ ಗುರುತಿಸದವರು ಈಗ ಗುರುತಿಸಿದರು!

"ಏನ್ ಪದ್ದಿ, ಇಷ್ಟು ವರ್ಷಾತು ಕಲಿಲಿಕ್ಕತ್ತು, ಇನ್ನಾ ಹುಳಿ ತೆಳ್ಳಗ ಮಾಡ್ತೀಯಲ್ಲ? ಅವ್ರು ಧರೂರಿನಿಂದ ಹಸದು ಬರ್ತಾರ. ಇದನ್ನ ಹಾಕಿದ್ರ ಏನಂದಾರು? ನೋಡು, ನಾ ಸರಿ ಮಾಡೀನಿ."

ಅಷ್ಟರಲ್ಲಿ ಬಾಲಮ್ಮ ಓಡಿ ಬಂದು ಹೊಸ್ತಿಲಾಚೆ ನಿಂತಳು. "ಅಯ್ಯೋ ದೇವುಡಾ! ಅಮ್ಮಾರು ಮಕ್ಕಂಡಾರಂತ ಬಟ್ಟಿ ಒಣಾಕಾಕ ಮಾಳಿಗಿ ಮ್ಯಾಲ ಹೋಗಿದ್ದೆನ್ರೀ. ಬರೂದ್ರಾಗ ಹಾಸಿಗಿ ಖಾಲಿ ಐತ್ರೀ!" ಅವಳ ಹಿಂದೆ ಸುಧಾ. ಡಬ್ಬಿ ನೋಡಿದಳು, ಪಾತ್ರೆ ನೋಡಿದಳು, ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಪೀಪಾಯಿಯೊಳಗ ಹೂತಿಟ್ಟಿದ್ದೆನಲ್ಲ ಅಕ್ಕಾ!" ಎಂದು ಉಸುರಿದಳು.

ಹೂತಿಡುವುದನ್ನು ಅವಳಿಗೆ ಕಲಿಸಿದವರು ಯಾರು? ಗಂಡ ಸತ್ತದ್ದು ಮರೆತವರಿಗೆ ಡಬ್ಬಿಯ ಜಾಗ ಮರೆತಿರಲಿಲ್ಲ. ಸುಧಾ ಬಟ್ಟೆ ಹಿಡಿದು ಪಾತ್ರೆಗೆ ಕೈ ಹಾಕಿದಳು.

"ಎಲ್ಲಿಗೆ ಒಯ್ತಿ?" ಎಂದರು ಕಾಕು.

"ಹಿತ್ತಲಿಗೆ ಅಮ್ಮಾ. ಇದು... ಚೆಲ್ಲಬೇಕು."

"ಚೆಲ್ಲಬೇಕು? ಯಾಕ?"

ಯಾಕೆ ಎಂದು ಯಾರು ಹೇಳಬೇಕು? ತಿಥಿಗೆ ಕಡಲೆ ನಡೆಯುವುದಿಲ್ಲ ಎಂದರೆ, ಯಾರ ತಿಥಿ ಎಂಬ ಮಾತು ಬರುತ್ತದೆ. ಸುಧಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಾಕುವಿನ ಕಣ್ಣು ನಮ್ಮಿಬ್ಬರ ನಡುವೆ ಓಡಾಡುತ್ತಿತ್ತು.

"ಚೆಲ್ಲೂದಿಲ್ಲ ಕಾಕು, ಸುಡ್ತದಂತ ಆ ಕಡೆ ಇಡ್ಲಿಕ್ಕತ್ತಾಳ" ಎಂದು ನಾನೇ ಬಾಯಿ ಹಾಕಿದೆ. "ಭಾಳ ಛಲೋ ಆಗೇದ."

ಕಾಕು ಸಮಾಧಾನವಾಗಿ ಗೋಡೆಗೆ ಒರಗಿ ಕೂತರು, ಕೋಣೆಗೆ ಕರೆದರೆ ಏಳಲಿಲ್ಲ. ನಾನು ಕೈಕಾಲು ತೊಳೆದು ಬಂದು, ಉಳಿದಿದ್ದ ಮೊಸರಿನಲ್ಲಿ ಸಣ್ಣ ಪಾತ್ರೆಗೆ ಇನ್ನೊಂದು ಹುಳಿ ಮಾಡಿದೆ. ಬೇರೆ ಸೌಟು, ಬೇರೆ ಒಲೆ. ಅರೆದ ಅಕ್ಕಿಯನ್ನು ಬಿಸಿಗೆ ಕಲಸಿ ಬಿಟ್ಟು, ಉಸಿರು ಬಿಗಿಹಿಡಿದು ತಿರುವಿದೆ. ಬೆಳ್ಳಗೆ, ಗಟ್ಟಿಯಾಗಿ ಬಂತು. ಬ್ರಾಹ್ಮಣರಿಗೆ ಇದು, ಆಮೇಲೆ ಮನೆಯವರಿಗೆ ಅದು. ಕಾಕುವಿಗೂ ತಿಳಿಯುವುದಿಲ್ಲ, ಆಚಾರ್ರಿಗೂ ತಿಳಿಯುವುದಿಲ್ಲ. ಗೆದ್ದೆ ಎಂದುಕೊಂಡೆ.

ಎಲೆ ಹಾಕಿದರು. ಪಿತೃಸ್ಥಾನದ ಎಲೆಯನ್ನು ನರಸಿಂಗರಾವ್ ಅದೇ ಕಂಬದ ಹತ್ತಿರ ಹಾಕಿದ್ದ, ತಂದೆ ಊಟಕ್ಕೆ ಕೂರುತ್ತಿದ್ದ ಜಾಗ ಎಂದು. ಬಿಂದಾಚಾರ್ರು ಬಂದು ಕೂತರು. ಬಡಿಸಿದ್ದಾಯಿತು, ಊಟ ಶುರುವಾಯಿತು. ಮೌನ. ನಾನು ವಡೆ ತರಲು ಒಳಗೆ ತಿರುಗಿದೆ. ಗೋಡೆಯ ಹತ್ತಿರ ಕಾಕು ಇಲ್ಲ, ಹಳದಿ ಹುಳಿಯ ಪಾತ್ರೆಯೂ ಇಲ್ಲ!

ಹೊರಗೆ ಓಡಿದೆ. ಕಾಕು ಆಗಲೇ ಹಾಲ್‌ನ ನಡುವೆ ಇದ್ದರು. ಪಾತ್ರೆ ಸೊಂಟದ ಮೇಲೆ, ಕೈಯಲ್ಲಿ ಸೌಟು. ಕಂಬದ ಬುಡದಲ್ಲಿ ಬರಿಮೈ, ಶಲ್ಯ, ತಲೆ ತಗ್ಗಿಸಿ ಮಾತಿಲ್ಲದೆ ಉಣ್ಣುತ್ತಿರುವ ಗಂಡಸು. ಕಾಕುವಿನ ಮುಖ ಅರಳಿತು. ನೆಟ್ಟಗೆ ಆ ಎಲೆಯ ಮುಂದೆ ಹೋಗಿ ಬಗ್ಗಿದರು.

"ಯಾವಾಗ ಬಂದ್ರಿ? ಹೇಳೂದಿಲ್ಲ, ಕೇಳೂದಿಲ್ಲ. ಹುಳಿ ಹಾಕ್ಲೇನ್ರಿ?"

ನರಸಿಂಗರಾವ್ ಕಲ್ಲಾಗಿ ನಿಂತಿದ್ದ. ಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೇವರ ಸ್ಥಾನದಲ್ಲಿ ಕೂತ ಭಟ್ಟರು ತುತ್ತು ಕೈಯಲ್ಲೇ ಹಿಡಿದು ಬಾಯಿ ತೆರೆದಿದ್ದರು. ನನ್ನ ಕಣ್ಣ ಮುಂದೆ ಗದ್ವಾಲದ ಆ ದನದ ಬಾನಿ ಬಂತು.

ಆಚಾರ್ರು ತಲೆ ಎತ್ತಿದರು. ಹಣೆಯ ಮೇಲಿನ ಕುಂಕುಮ ನೋಡಿದರು. ಅವರ ಮೂಗಿನ ಹೊಳ್ಳೆ ಅಲುಗಿದ್ದು ನಾನು ನೋಡಿದೆ. ಗೊತ್ತಾಯಿತು, ಅವರಿಗೆ ಎಲ್ಲ ಗೊತ್ತಾಯಿತು. ಅಂಗೈ ಎಲೆಯ ಮೇಲೆ ಅಡ್ಡ ಬಂತು. ಸಾಕು ಎಂದರ್ಥ. ಕಾಕುವಿನ ಸೌಟು ಗಾಳಿಯಲ್ಲಿ ನಿಂತಿತು, ಮುಖ ಇಳಿಯಿತು.

"ಈ ಸಲ ತೆಳ್ಳಗಿಲ್ಲರಿ" ಎಂದರು, ಬೇಡುವ ಹಾಗೆ.

ಆಚಾರ್ರ ಅಂಗೈ ಅಲ್ಲೇ ಇತ್ತು. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಕಾಕು ಸೌಟು ಬಗ್ಗಿಸಿದರು. ಹಳದಿ ಹುಳಿ ಅನ್ನದ ಮೇಲೆ ಬಿತ್ತು. ಹರಿಯಲಿಲ್ಲ, ಗುಂಡಿಯಲ್ಲೇ ನಿಂತಿತು. ಬಿಂದಾಚಾರ್ರು ಕಲಸಿದರು. ಉಂಡರು! ಒಂದು ತುತ್ತಲ್ಲ, ಅಷ್ಟೂ ಉಂಡರು. ನಾನು ನಂಬದೆ ನೋಡುತ್ತಲೇ ಇದ್ದೆ. ಅಷ್ಟಕ್ಕೇ ಮುಗಿಯಲಿಲ್ಲ. ಎಲೆ ಖಾಲಿಯಾದ ಮೇಲೆ ಅವರು ಕಾಕುವಿನ ಕಡೆ ನೋಡದೆ, ಮೆಲ್ಲಗೆ ಬೆರಳು ಮಡಚಿದರು.

ಕಾಕು ಎರಡನೆಯ ಸಲ ಬಡಿಸಿದರು. "ಗಟ್ಟಿ ಆಗೇದಲ್ರಿ ಈಗ?" ಎಂದು ಕೇಳಿದರು. ಉತ್ತರ ಹೇಳುವ ಹಾಗಿಲ್ಲ. ಆಚಾರ್ರು ತಲೆ ಇನ್ನಷ್ಟು ತಗ್ಗಿಸಿದರು. ಉತ್ತರ ಬರಲಿಲ್ಲವೆಂದು ಕಾಕುವಿಗೆ ಬೇಜಾರಾಗಲಿಲ್ಲ. ಊಟದ ಹೊತ್ತಿನಲ್ಲಿ ಅವರಿಗೆ ಉತ್ತರ ಯಾವತ್ತು ಸಿಕ್ಕಿತ್ತು?

ಒಳಗೆ ಬಂದು ಪಾತ್ರೆ ಕೆಳಗಿಟ್ಟು ನನಗೆ ಹೇಳಿದರು. "ಅವ್ರದಾತು. ಇನ್ನ ನನಗ ಬಡಸು, ಪದ್ದಿ. ಭಾಳ ಹಸಿವ್ಯಾಗೇದ."

ಪಿಂಡ ಹಾಕುವ ಮೊದಲು ಯಾರಿಗೂ ಊಟವಿಲ್ಲ. ಆ ನಿಯಮ ನನಗೆ ಗೊತ್ತಿಲ್ಲವೇ? ನಾನು ಎಲೆ ಹಾಕಿದೆ. ಹಳದಿ ಹುಳಿ ಬಡಿಸಿದೆ. ಕಾಕು ಉಂಡರು. ಮತ್ತೆ ಕೇಳಿ ಹಾಕಿಸಿಕೊಂಡು ಉಂಡರು. ಸುಧಾ ಬಾಗಿಲಲ್ಲಿ ನಿಂತು ಸದ್ದಿಲ್ಲದೆ ಅಳುತ್ತಿದ್ದಳು.

ಎಲ್ಲ ಮುಗಿದ ಮೇಲೆ ನರಸಿಂಗರಾವ್ ಆಚಾರ್ರ ಕಾಲು ಹಿಡಿದ. "ಆಚಾರ್ರ, ಆ ಹುಳಿಯೊಳಗ ಕಡ್ಲಿಹಿಟ್ಟು ಇತ್ರಿ. ಶ್ರಾದ್ಧ ಮತ್ತೊಮ್ಮೆ ಮಾಡಬೇಕೇನ್ರಿ?"

"ತಿಥಿ ಊಟದ ಗುಣ ಆಡಬಾರದು, ನಿಮ್ಮಪ್ಪ ಕಲಿಸಿಲ್ಲೇನು?" ಎಂದು ಆಚಾರ್ರು ಗದರಿದರು. ಆಮೇಲೆ ಶಲ್ಯ ಹೆಗಲಿಗೆ ಹಾಕಿಕೊಳ್ಳುತ್ತ, "ಆ ಎಲಿಗೆ ಕೂತಾವ ನಾನಲ್ಲಪಾ. ಯಾರಿಗೆ ಬಡಿಸಿದ್ಲೋ ಅವರು ಉಂಡಾರ" ಎಂದರು. ನನ್ನ ಕಡೆ ತಿರುಗಲೇ ಇಲ್ಲ. ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ಹೋದರು.

ಆಚಾರ್ರು ಮೆತ್ತಗಾದರು ಎಂದು ತಿಳಿಯಬೇಡಿ. ಅದಾದ ಮೇಲೆ ಗದ್ವಾಲದ ಇನ್ನೊಂದು ಮನೆಯಲ್ಲಿ ಸಾರಿನೊಳಗೆ ತಿಥಿಗೆ ಸಲ್ಲದ ಕೆಂಪು ಮೆಣಸಿನಕಾಯಿಯ ಒಂದು ಬೀಜ ಕಂಡಿದ್ದಕ್ಕೆ ಇಡೀ ಹಂಡೆ ಬಾನಿಗೆ ಸುರಿಸಿದರು! ಮಾಡಿದವಳು ನಾನೇ. ಬೀಜ ಎಲ್ಲಿಂದ ಬಂತೋ ಇವತ್ತಿಗೂ ತಿಳಿದಿಲ್ಲ. ಅಂಥವರು ಅವರು.

ಹಾಗಾಗಿ ಕಸ್ಟರ್ಡ್ ಹುಡುಗಿಗೆ ಹೇಳುತ್ತೇನೆ, ನಿನ್ನದನ್ನು ಚೆಲ್ಲಲೇಬೇಕಿತ್ತು. ಅದು ಯಾರಿಗಾಗಿಯೂ ಮಾಡಿದ್ದಲ್ಲ, ಗಡಿಬಿಡಿಯಲ್ಲಿ ಸುರಿದದ್ದು.

ಮಕ್ತಲ್‌ನಿಂದ ಬಂದ ಮೇಲೆ ನನಗೆ ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಕಡೆಗೆ ಸುಧಾಳಿಗೆ ಫೋನು ಮಾಡಿ, ಕಾಕು ಹೇಗಿದ್ದಾರೆ, ಊಟ ಮಾಡುತ್ತಾರಾ ಎಂದು ಕೇಳಿದೆ.

"ಮಾಡ್ತಾಳ್ರಿ ಅಕ್ಕಾ, ದಿನಾ ಮಾಡ್ತಾಳ. ಬಾಗಲಾಗ ಕೂಡೂದೂ ಬಿಟ್ಟಾಳ. ನಿನ್ನೆ ನಾನೇ ತಡಿಲಾರದ ಕೇಳಿದೆ, 'ಅಮ್ಮಾ, ಅಪ್ಪಾರು ಧರೂರಿನಿಂದ ಬರಲಿಲ್ಲೇನು' ಅಂತ."

"ಏನಂದ್ರು?"

"'ಹುಚ್ಚಿ ಇದ್ದೀಯೇನ್, ಬಂದಿದ್ರಲ್ಲ' ಅಂದ್ಲು. 'ಹೊಟ್ಟಿ ತುಂಬ ಉಂಡು ಹೋದ್ರು.'"